ಸೋರುವ ಸೂರಿಗೆ ಹೊಸ ಬಣ್ಣ

ಹೆಂಚು ಒಡೆದು ಮಳೆನೀರು ನಡುಮನೆಗೆ ತೊಟ್ಟಿಕ್ಕುವಾಗ ಯಾವ ಗೃಹಿಣಿಯಾದರೂ ಮೊದಲು ಗೋಡೆಗೆ ಬಣ್ಣ ಬಳಿಸುತ್ತಾಳೆಯೇ? ಕೆಳಗೊಂದು ಪಾತ್ರೆ ಇಟ್ಟು, ಹೆಂಚು ಸರಿಮಾಡುವವನಿಗೆ ಹೇಳಿಕಳಿಸುತ್ತಾಳೆ. ನಮಗೆ ಗೊತ್ತಿರುವ ಇಷ್ಟು ಸಂಗತಿ ದೊಡ್ಡ ದೊಡ್ಡ ವಿದ್ಯಾಸಂಸ್ಥೆಗಳಿಗೆ ಏಕೆ ತಿಳಿಯುವುದಿಲ್ಲವೋ!

ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿ ನಾನು ಪಾಠ ಕೇಳುತ್ತಿದ್ದ ಉಪನ್ಯಾಸ ಮಂದಿರವೊಂದಕ್ಕೆ ಈಚೆಗೆ ಮಗಳ ಜೊತೆ ಹೋಗಿದ್ದೆ. ಯಾವ ಸಂಸ್ಥೆ ಎಂದು ಕೇಳಬೇಡಿ. ನಿಮ್ಮೂರಿನದೂ ಹಾಗೇ ಇದ್ದೀತು. 'ನವೀಕರಣ'ವಾಗಿದೆಯಂತೆ. ಕಾಲು ಜಾರುವ ಟೈಲ್ಸು, ಬೆಳ್ಳಗಿನ ಫಾಲ್ಸ್ ಸೀಲಿಂಗು, ಬಾಗಿಲಲ್ಲಿ ಗ್ರಾನೈಟಿನ ಫಲಕ. ಸೀಲಿಂಗಿನ ಮೂಲೆಯಲ್ಲಿ ಆಗಲೇ ಡಿಕಾಕ್ಷನ್ ಚೆಲ್ಲಿದಂಥ ಕಲೆ. ನಾವು ಓದುವಾಗ ಸೋರುತ್ತಿದ್ದ ಅದೇ ಮೂಲೆ! ಅಂದು ಸೋರುವುದು ಕಾಣುತ್ತಿತ್ತು, ಇಂದು ಮುಚ್ಚಿಟ್ಟಿದ್ದಾರೆ. ಎತ್ತರದ ಕಿಟಕಿಗಳನ್ನು ಮುಚ್ಚಿ ಏಸಿ ಕೂರಿಸಿದ್ದಾರೆ. ಕರೆಂಟು ಹೋದರೆ ಕತ್ತಲೆ, ಸೆಕೆ. ಹೆಣ್ಣುಮಕ್ಕಳ ಶೌಚಾಲಯ ಮಾತ್ರ ಅಂದಿನಂತೆಯೇ ಹಿತ್ತಲಲ್ಲಿ, ಚಿಲಕವಿಲ್ಲದೆ. "ಅಮ್ಮಾ, ಬಾಗಿಲು ಹಿಡ್ಕೋ" ಎಂದಳು ಮಗಳು. ಎಷ್ಟೋ ವರ್ಷಗಳ ಹಿಂದೆ ಗೆಳತಿಗೆ ನಾನು ಹೇಳುತ್ತಿದ್ದ ಮಾತದು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಕುಸಿದುಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಪ್ರತಿಸಲವೂ ಪುಣ್ಯವನ್ನೇ ನೆಚ್ಚಿಕೊಂಡಿರಲಾದೀತೆ?

'ಹಳೆಯದನ್ನು ಕೆಡವಿ ಹೊಸದು ಕಟ್ಟಿದರಾಯಿತು' ಎನ್ನುವವರಿದ್ದಾರೆ. ಹೊಸದಕ್ಕೂ ವಯಸ್ಸಾಗುವುದಿಲ್ಲವೇ? 1987ರಲ್ಲಿ ಹುಟ್ಟಿದ ನಮ್ಮ ಕುವೆಂಪು ವಿಶ್ವವಿದ್ಯಾನಿಲಯವನ್ನೇ ಇನ್ನು ಹೊಸದು ಎನ್ನುವಂತಿಲ್ಲ. ನಾನು ಕಾರ್ಖಾನೆಯ ಊರಿನವಳು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಊರಿನಲ್ಲಿ, ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ, ದುರಸ್ತಿ ಬೇಕೆಂಬುದು ಮಕ್ಕಳಿಗೂ ಗೊತ್ತು. ಆದರೆ ಎಣ್ಣೆ ಹಾಕುವ ಕೆಲಸಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ನಮ್ಮ ಮನೆಗೆಲಸದ ಹಾಗೇ: ಮಾಡಿದರೆ ಯಾರಿಗೂ ಕಾಣದು, ಬಿಟ್ಟರೆ ಊರಿಗೆಲ್ಲ ಕಾಣುತ್ತದೆ. ಹಳೆಯ ಗಾರೆಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಹಾಳಾಗುತ್ತದೆ. ಅದಕ್ಕೆ ಗಾರೆಯೇ ಬೇಕು, ಗಾರೆ ಬಲ್ಲ ಮೇಸ್ತ್ರಿಯೇ ಬೇಕು. ಮಲೆನಾಡಿನ ಮಳೆ ಗ್ರಾನೈಟಿನ ಫಲಕ ಓದಿ ವಾಪಸು ಹೋಗುವುದಿಲ್ಲ.

ಮೊದಲು ಸೂರು, ಆಮೇಲೆ ನೀರು ಹರಿಯುವ ದಾರಿ, ಶೌಚಾಲಯ, ಕಿಟಕಿ. ದುಡ್ಡು ಉಳಿದರೆ ಬಣ್ಣ. ಮುಂದಿನ ಸಲ ಮಗಳ ಕಾಲೇಜಿನ ಸಭೆಗೆ ಕರೆದರೆ, ಕುರ್ಚಿಯಲ್ಲಿ ಕೂರುವ ಮುಂಚೆ ಹಿತ್ತಲಿನ ಆ ಬಾಗಿಲಿಗೆ ಚಿಲಕವಿದೆಯೇ ನೋಡಿಬನ್ನಿ. ಇಲ್ಲದಿದ್ದರೆ ಮೈಕಿನಲ್ಲೇ ಕೇಳಿ. ನಾನಂತೂ ಕೇಳುವವಳೇ.