ಕಂಬ ಹೊಡೆಯೋ ಮಿಷನ್ ಬರಲಿ, ಆದರೆ ಯಾರ ಮನೆ ಮುಂದೆ ನಿಲ್ಲಬೇಕು?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ವಾರ ಸಂಘದ ಸಭೆಯಲ್ಲಿ ಒಂದು ವಿಷಯ ಬಂತು. ಬೇಲಿ ಕೆಲಸ ಹಿಡಿಯುವ ಕಂಟ್ರಾಕ್ಟರ್ ಒಬ್ಬರು ನಮ್ಮ ಹೋಬಳಿಗೆ ಕಂಬ ಹೊಡೆಯುವ ಸಣ್ಣ ಹೈಡ್ರಾಲಿಕ್ ಮಿಷನ್ ತರಿಸ್ತಾ ಇದ್ದಾರಂತೆ. ಅದು ಬಂದ್ರೆ ಗುಂಡಿ ತೆಗೆಯೋ ನಮ್ಮ ಹುಡುಗರ ಕೂಲಿ ಹೋಗುತ್ತೆ, ತಹಶೀಲ್ದಾರರಿಗೆ ಮನವಿ ಕೊಟ್ಟು ತಡೆಯಬೇಕು ಅಂತ ನಾಲ್ಕೈದು ಜನ ಹೇಳಿದರು. ನಾನು ಬೇಡ ಅಂದೆ. ಕೆಲವರಿಗೆ ಬೇಜಾರಾಯ್ತು. "ಸರ್ಕಾರಿ ಸಂಬಳ ತಗೊಳ್ಳೋರಿಗೇನ್ರೀ ಗೊತ್ತು ಕೂಲಿ ಕಷ್ಟ" ಅಂತ ಒಬ್ಬ ತಮ್ಮ ಅಂದ. ಅವನು ಅಂದದ್ದರಲ್ಲಿ ತಪ್ಪೇನಿಲ್ಲ, ನಾನು ಆಫೀಸಲ್ಲಿ ಫ್ಯಾನ್ ಕೆಳಗೆ ಕೂರೋ ಗುಮಾಸ್ತ. ಆದರೆ ನಮ್ಮಪ್ಪ ಗಡಾರಿ ಹಿಡಿದೇ ನನ್ನನ್ನ ಬಿಎ ತನಕ ಓದಿಸಿದ್ದು. ಹಾಗಾಗಿ ನಾಲ್ಕು ಮಾತು.

ಮೊದಲು ಆ ಕೂಲಿ ಎಂಥದ್ದು ನೋಡೋಣ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಲಿ ಅಂದ್ರೆ ಕಲ್ಲುಕೂಚ, ಮುಳ್ಳುತಂತಿ. ಒಂದು ಎಕರೆ ಚೌಕದ ಜಮೀನಿನ ಸುತ್ತಳತೆ ಸುಮಾರು 835 ಅಡಿ. ಎಂಟಡಿಗೊಂದು ಕಂಬ ಅಂದ್ರೆ 104 ಗುಂಡಿ. ಮೂಲೆಗೆ, ಗೇಟಿಗೆ ಕೊಡೋ ಆನುಗಂಬ ಬೇರೆ. ಒಂದೊಂದು ಗುಂಡಿ ಒಂದೂವರೆಯಿಂದ ಎರಡಡಿ ಆಳ ಇರಬೇಕು, ಬಾಯಿ ಮಾತ್ರ ಅಗಲ ಆಗಬಾರದು. ಅಗಲ ಆದ್ರೆ ಕಂಬ ಅಲ್ಲಾಡುತ್ತೆ ಅಂತ ಬೈಗುಳ. ಬಾಯಿ ಕಿರಿದಾದ್ದರಿಂದ ಗುದ್ದಲಿ ಒಳಗೆ ಆಡಲ್ಲ. ಗಡಾರಿಯಿಂದ ಕುಟ್ಟಿ ಕುಟ್ಟಿ ಮಣ್ಣು ಸಡಿಲ ಮಾಡಿ, ಮೊಣಕಾಲೂರಿ ಬಗ್ಗಿ ತೆಂಗಿನ ಚಿಪ್ಪಲ್ಲೋ ಡಬ್ಬದಲ್ಲೋ ಮೇಲೆ ತೆಗೀಬೇಕು. ಅರ್ಧ ಅಡಿ ಕೆಳಗೆ ಬಂಡೆ ಸಿಕ್ಕಿದರೆ ಪಕ್ಕಕ್ಕೆ ಸರಿದು ಹೊಸದಾಗಿ ಶುರು. ಆ ಮೊದಲನೇ ಗುಂಡಿಗೆ ದುಡ್ಡಿಲ್ಲ, ಯಾಕಂದ್ರೆ ಲೆಕ್ಕ ಗುಂಡಿಗಿಷ್ಟು ಅಂತ. ಮಾರ್ಚ್ ಏಪ್ರಿಲ್ ಬಿಸಿಲಲ್ಲೇ ಈ ಕೆಲಸ ಜಾಸ್ತಿ, ಹೊಲದಲ್ಲಿ ಬೆಳೆ ಇರಲ್ಲವಲ್ಲ. ನಮ್ಮಪ್ಪನಿಗೆ ಐವತ್ತು ದಾಟುವ ಮೊದಲೇ ಸೊಂಟ ಹೋಯ್ತು. ಅಂಗೈ ಮುಟ್ಟಿದರೆ ಎಮ್ಮೆ ಚರ್ಮದ ಹಾಗೆ ಇತ್ತು.

ಈ ಕೆಲಸವನ್ನ ಉಳಿಸಿಕೊಡಿ ಅಂತ ಮನವಿ ಬರೀಬೇಕಾ? ನನ್ನ ಕೈಯಲ್ಲಂತೂ ಆಗಲ್ಲ.

ನ್ಯೂಜಿಲೆಂಡ್, ಇಂಗ್ಲೆಂಡ್, ಅಮೆರಿಕದ ಫಾರ್ಮುಗಳಲ್ಲಿ ಕಂಬ ಹೊಡೆಯೋ ಮಿಷನ್ ಹೊಸದೇನಲ್ಲ, ಎಷ್ಟೋ ವರ್ಷದಿಂದ ಇದೆ. ಇಲ್ಲಿಗೆ ಯಾಕೆ ಇಷ್ಟು ತಡ? ಅಲ್ಲಿ ಆಳಿನ ಕೂಲಿ ದುಬಾರಿ, ಒಬ್ಬನನ್ನ ದಿನವೆಲ್ಲ ಗುಂಡಿ ತೋಡೋಕೆ ಇಟ್ಟುಕೊಂಡ್ರೆ ಮಾಲೀಕನಿಗೆ ಕಟ್ಟಲ್ಲ, ಅದಕ್ಕೇ ತಲೆ ಓಡಿಸಿದರು. ಇಲ್ಲಿ ಕಾಲೋನಿಗೆ ಬಂದು ಕೂಗಿದರೆ ಬೆಳಿಗ್ಗೆ ಏಳು ಗಂಟೆಗೆ ಆರು ಜನ ಗಡಾರಿ ಹೆಗಲ ಮೇಲಿಟ್ಕೊಂಡು ಬರ್ತಾರೆ. ನಮ್ಮ ಬೆನ್ನು ಇಷ್ಟು ಅಗ್ಗ ಇರೋವಾಗ ಮಿಷನ್ ಯಾರಿಗೆ ಬೇಕಿತ್ತು? ಈಗ ನಮ್ಮ ಮಕ್ಕಳು ಬೆಂಗಳೂರು, ನರಸಾಪುರ, ಹೊಸಕೋಟೆ ಅಂತ ಫ್ಯಾಕ್ಟರಿ ಬಸ್ ಹತ್ತಿದರು. ಆಳು ಸಿಗ್ತಿಲ್ಲ ಅನ್ನೋ ಗೋಳು ಶುರುವಾಯ್ತು, ಮಿಷನ್ನೂ ಬಂತು. ನಮ್ಮ ಹುಡುಗರು ಗಡಾರಿ ಕೆಳಗಿಟ್ಟಿದ್ದರ ಫಲ ಅದು. ಅದರ ವಿರುದ್ಧ ನಾವೇ ಧರಣಿ ಕೂತರೆ ಜಮೀನ್ದಾರರು ನಗ್ತಾರೆ.

ಬಾಬಾಸಾಹೇಬರು ಈ ಪ್ರಶ್ನೆಯನ್ನ 1945ರಲ್ಲೇ ಎತ್ತಿದ್ದಾರೆ. ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಅನ್ನೋ ಅವರ ಪುಸ್ತಕದಲ್ಲಿ ಗಾಂಧಿವಾದದ ಬಗ್ಗೆ ಒಂದು ಅಧ್ಯಾಯವೇ ಇದೆ. ಯಂತ್ರ ಕೆಟ್ಟದ್ದು, ಹಳ್ಳಿಯ ಕೈಕೆಲಸ ಒಳ್ಳೇದು ಅನ್ನೋ ವಾದವನ್ನ ಅವರು ಒಪ್ಪಲಿಲ್ಲ. ದುಡಿಯುವವನಿಗೆ ಬಿಡುವು ಸಿಗಬೇಕು, ಆಗಲೇ ಅವನು ಮನುಷ್ಯನಾಗಿ ಬದುಕೋಕೆ ಸಾಧ್ಯ, ಆ ಬಿಡುವು ಯಂತ್ರದಿಂದಲೇ ಬರೋದು ಅನ್ನೋದು ಅವರ ವಾದದ ಸಾರ. ಯಂತ್ರದಿಂದ ಕೆಡುಕಾದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನ ಕೆಲವರೇ ಹಿಡಿದುಕೊಳ್ಳೋ ಸಮಾಜದ್ದು ಅಂದರು. ಜಯಂತಿ ದಿನ ಹಾರ ಹಾಕೋದಷ್ಟೇ ಅಲ್ಲ, ಆ ಅಧ್ಯಾಯ ಒಂದ್ಸಲ ಓದಿ.

ಈಗ ಮಿಷನ್ ವಿಷಯ. ಇದೇನು ಮಾಯ ಅಲ್ಲ. ಜೆಸಿಬಿ ತೋಳು ಎದ್ದೇಳೋದು, ಟ್ರ್ಯಾಕ್ಟರ್ ಹಿಂದೆ ನೇಗಿಲು ಎತ್ತೋದು ಯಾವುದರಿಂದಲೋ ಅದೇ ತತ್ವ. ಇಂಜಿನ್ ಒಂದು ಪಂಪ್ ತಿರುಗಿಸುತ್ತೆ, ಪಂಪು ಎಣ್ಣೆಯನ್ನ ಒತ್ತುತ್ತೆ, ಆ ಒತ್ತಡಕ್ಕೆ ಪಿಸ್ಟನ್ ಮೇಲೆ ಕೆಳಗೆ ಆಡಿ ಕಂಬದ ತಲೆ ಮೇಲೆ ಪಟಪಟ ಹೊಡೆಯುತ್ತೆ. ಸಣ್ಣದರಲ್ಲಿ ಎರಡು ಭಾಗ. ಪೆಟ್ರೋಲ್ ಇಂಜಿನ್ ಇರೋ ಪವರ್ ಪ್ಯಾಕ್ ಒಂದು. ಅದರಿಂದ ಎರಡು ಹೋಸ್ ಪೈಪು ಬಂದು ಸೇರುವ ಸುತ್ತಿಗೆ ಇನ್ನೊಂದು. ಸುತ್ತಿಗೆ 20ರಿಂದ 40 ಕೆಜಿ ತೂಗುತ್ತೆ, ಕಂಬದ ತಲೆಗೆ ಟೋಪಿ ಹಾಕಿದ ಹಾಗೆ ಕೂರಿಸ್ತಾರೆ. ದೊಡ್ಡದು ಟ್ರ್ಯಾಕ್ಟರ್ ಹಿಂದೆ ಕಟ್ಟೋದು, ಕ್ವಿಂಟಾಲ್‌ಗಟ್ಟಲೆ ತೂಕದ ಉಕ್ಕಿನ ದಿಮ್ಮಿಯನ್ನ ಎತ್ತಿ ಬಿಡುತ್ತೆ. ನೆಲ ಮೆತ್ತಗಿದ್ರೆ ಒಂದು ಕಂಬಕ್ಕೆ ಒಂದು ನಿಮಿಷವೂ ಬೇಡ. ಗುಂಡಿ ತೆಗೆದು ಮಣ್ಣು ತುಂಬಿದ ಕಂಬಕ್ಕಿಂತ ಇದು ಬಿಗಿಯಾಗೂ ಇರುತ್ತೆ, ಯಾಕಂದ್ರೆ ಇಲ್ಲಿ ಮಣ್ಣು ಸಡಿಲ ಆಗೋದೇ ಇಲ್ಲ, ಕಂಬ ಇಳಿದ ಹಾಗೆ ಪಕ್ಕಕ್ಕೆ ಒತ್ತಿಕೊಳ್ಳುತ್ತೆ.

ಆದರೆ ವಾಟ್ಸಾಪ್ ವಿಡಿಯೋಗಳಲ್ಲಿ ಹೇಳದ ಒಂದು ಮಾತಿದೆ. ಈ ಮಿಷನ್ನಲ್ಲಿ ನಮ್ಮ ಕಲ್ಲುಕೂಚ ಹೊಡೆಯೋಕೆ ಆಗಲ್ಲ. ತಲೆ ಮೇಲೆ ಹೊಡೆದರೆ ಕಲ್ಲು ಸೀಳುತ್ತೆ, ಸಿಮೆಂಟ್ ಕಂಬ ಒಡೆಯುತ್ತೆ. ಕಬ್ಬಿಣದ ಆಂಗಲ್, ಜಿಐ ಪೈಪು, ಚೂಪು ಮಾಡಿದ ಮರದ ಕಂಬಕ್ಕೆ ಮಾತ್ರ ಆಗುತ್ತೆ. ಮರ ಹಾಕಿದರೆ ನಮ್ಮಲ್ಲಿ ಗೆದ್ದಲು ಬಿಡಲ್ಲ. ಅಂದ್ರೆ ಈ ಮಿಷನ್ ಜೊತೆಗೆ ಕಬ್ಬಿಣದ ಕಂಬವೂ ಬರುತ್ತೆ. ಆಗ ಕೂಲಿ ಹೋಗೋದು ಗುಂಡಿ ತೆಗೆಯೋರದ್ದು ಮಾತ್ರ ಅಲ್ಲ, ಕಲ್ಲು ಸೀಳುವ ಭೋವಿ ಬಂಧುಗಳದ್ದೂ. ಸಭೆಯಲ್ಲಿ ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಎಡ, ಬಲ ಅಂತ ನಾವು ಕಿತ್ತಾಡುವಾಗ ಅವರು ಎಲ್ಲೋ ಕ್ವಾರಿ ಪಕ್ಕ ಇರ್ತಾರೆ ಅಂತ ಮರೆತೇ ಬಿಡ್ತೀವಿ. ಕಲ್ಲುಕೂಚ ತುಕ್ಕು ಹಿಡಿಯಲ್ಲ, ತಲೆಮಾರು ಬಾಳುತ್ತೆ, ಇಲ್ಲೇ ಸಿಗುತ್ತೆ. ಅದು ಪೂರ್ತಿ ಹೋಗಬಾರದು. ಅದಕ್ಕೆ ಬೇಕಾದ್ದು ಗುಂಡಿ ಕೊರೆಯುವ ಯಂತ್ರ, ಆಗರ್ ಅಂತಾರಲ್ಲ ಅದು. ಒಂದೇ ಪವರ್ ಪ್ಯಾಕಿಗೆ ಕಂಬ ಹೊಡೆಯೋ ಸುತ್ತಿಗೆ, ಕೊರೆಯೋ ಆಗರ್, ಬಂಡೆ ಒಡೆಯೋ ಬ್ರೇಕರ್ ಮೂರನ್ನೂ ಬದಲಾಯಿಸಿ ಹಾಕುವ ಹಾಗೆ ಸಿಗುತ್ತೆ. ತಗೊಂಡ್ರೆ ಅಂಥದ್ದೇ ತಗೋಬೇಕು.

ಇನ್ನೊಂದು, ಅಪಾಯ. ಹೋಸ್ ಪೈಪಿನಲ್ಲಿ ಓಡುವ ಎಣ್ಣೆಯ ಒತ್ತಡ ಬೈಕ್ ಟೈರಿನ ಗಾಳಿಯ ಒತ್ತಡಕ್ಕಿಂತ ಸುಮಾರು 50 ಪಟ್ಟು ಇರುತ್ತೆ. ಪೈಪಲ್ಲಿ ಸೂಜಿಮೊನೆಯಷ್ಟು ತೂತಾದರೂ ಎಣ್ಣೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತೆ. ಹೊರಗೆ ನೋಡಿದರೆ ಇರುವೆ ಕಚ್ಚಿದಷ್ಟು ಗಾಯ. ಅರಿಶಿನ ಹಚ್ಚಿ ಮನೇಲಿ ಮಲಗಿದ್ರೆ ಬೆರಳು, ಕೈ ಕಳ್ಕೊಬೇಕಾಗುತ್ತೆ. ತಕ್ಷಣ ಆಪರೇಷನ್ ಆಗಬೇಕಾದ ಗಾಯ ಅದು. ಸೋರ್ತಿದೆಯಾ ಅಂತ ಯಾವತ್ತೂ ಕೈ ಸವರಿ ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಕಿವಿಗೆ ಮುಚ್ಚಳ, ಕಾಲಿಗೆ ಬೂಟು, ಕೈಗೆ ಗ್ಲೌಸು ಬೇಕೇ ಬೇಕು. ಕಂಬ ಹೊಡೆಯೋ ಜಾಗದ ಕೆಳಗೆ ಬೋರ್‌ವೆಲ್ ಕೇಬಲ್, ಪೈಪ್‌ಲೈನ್ ಹೋಗಿದೆಯಾ ಅಂತ ಮೊದಲೇ ಕೇಳ್ಕೋಬೇಕು. ಮಿಷನ್ ಕಂಟ್ರಾಕ್ಟರದ್ದಾದರೆ ಹವಾಯಿ ಚಪ್ಪಲಿ ಹಾಕ್ಕೊಂಡು ಅದನ್ನ ಹಿಡಿಯೋದು ಮತ್ತೆ ನಮ್ಮ ಹುಡುಗನೇ. ಬೆರಳು ಹೋದರೆ ಆಸ್ಪತ್ರೆ ಖರ್ಚಿಗೆ ಐನೂರು ಕೊಟ್ಟು ಕಳಿಸ್ತಾರೆ.

ಹಾಗಾಗಿ ನಮ್ಮ ಜಗಳ ಮಿಷನ್ ಬರೋದರ ಬಗ್ಗೆ ಅಲ್ಲ, ಅದರ ಆರ್‌ಸಿ, ಬಿಲ್ಲು ಯಾರ ಹೆಸರಲ್ಲಿ ಇರುತ್ತೆ ಅನ್ನೋದರ ಬಗ್ಗೆ ಆಗಬೇಕು. ಇದಕ್ಕೆ ಉದಾಹರಣೆ ಇದೆ. 2019ರಲ್ಲಿ ದೆಹಲಿಯಲ್ಲಿ ಒಳಚರಂಡಿ ಸ್ವಚ್ಛ ಮಾಡುವ 200 ಯಂತ್ರಗಳನ್ನ ಬಿಟ್ಟಾಗ ದೊಡ್ಡ ಕಂಪನಿಗಳಿಗೆ ಕೊಡದೆ, ಚರಂಡಿಗೆ ಇಳಿಯುತ್ತಿದ್ದ ಸಮುದಾಯದವರನ್ನೇ ಮಾಲೀಕರನ್ನಾಗಿ ಮಾಡೋ ಯೋಜನೆ ಮಾಡಿದರು. ದಲಿತ ಉದ್ದಿಮೆದಾರರ ಸಂಸ್ಥೆ ಡಿಕ್ಕಿ ಅದರಲ್ಲಿ ಕೈ ಜೋಡಿಸಿತು, ಬ್ಯಾಂಕ್ ಸಾಲ ಕೊಟ್ಟಿತು. ಗುಂಡಿಗೆ ಇಳಿದವನೇ ಗುಂಡಿಯ ಯಂತ್ರಕ್ಕೆ ಓನರ್. ಬೇಲಿ ಕೆಲಸದಲ್ಲಿ ಯಾಕಾಗಬಾರದು?

ನಮ್ಮ ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟರಿಗೆ ಶೇ 90 ಸಹಾಯಧನ, ಗರಿಷ್ಠ 1 ಲಕ್ಷ ಅಂತ ಕೊಡ್ತಾ ಬಂದಿದ್ದಾರೆ. ಕೇಳೋಕೆ ಚೆನ್ನಾಗಿದೆ. ಅರ್ಜಿ ಹಾಕೋಕೆ ಹೋಗಿ ನೋಡಿ. ಪಹಣಿ ಎಲ್ಲಿ, ಎಫ್‌ಐಡಿ ನಂಬರ್ ಎಲ್ಲಿ ಅಂತಾರೆ. ಗುಂಡಿ ತೋಡುವವನಿಗೆ ಪಹಣಿ ಇದ್ದಿದ್ರೆ ಅವನು ಇನ್ನೊಬ್ಬರ ಬೇಲಿಗೆ ಯಾಕೆ ಗುಂಡಿ ತೋಡ್ತಿದ್ದ? ಫೈಲು ನೋಡೋದೇ ನನ್ನ ಕೆಲಸ, ಫೈಲಿನ ಭಾಷೆ ನನಗೆ ಗೊತ್ತು. ಅದರಲ್ಲಿ ರೈತ ಅಂದ್ರೆ ಭೂಮಿ ಇರುವವನು. ದುಡಿಯುವವನಿಗೆ ಅಲ್ಲಿ ಕಾಲಂ ಇಲ್ಲ. ಆ ಸಂದಿಯಲ್ಲೇ ಇನ್ನೊಂದು ಆಟ ನಡೆಯುತ್ತೆ. ಎರಡು ಎಕರೆ ಪಹಣಿ ಇರುವ ನಮ್ಮವರೊಬ್ಬರ ಹೆಸರಲ್ಲಿ ಅರ್ಜಿ, ಅವರ ಪಾಲಿನ ದುಡ್ಡು ಬೇರೆಯವರದ್ದು, ಕೊನೆಗೆ ಯಂತ್ರ ನಿಲ್ಲೋದು ದೊಡ್ಡಮನೆ ಶೆಡ್ಡಲ್ಲಿ. ಹೆಸರು ಕೊಟ್ಟವರಿಗೆ ಹಬ್ಬದ ದಿನ ಒಂದು ಕೋಳಿ. ಎಲ್ಲ ಊರಲ್ಲೂ ಗೊತ್ತಿರೋ ಗುಟ್ಟು ಇದು.

2013ರ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಇದೆಯಲ್ಲ, ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಹಣ ನಮಗೇ ಖರ್ಚಾಗಬೇಕು ಅನ್ನೋದು. ಅದೇ ಹಣದಲ್ಲಿ ಪಹಣಿ ಕೇಳದೆ, ಕೂಲಿಕಾರರ ಗುಂಪಿಗೆ ಯಂತ್ರ ಕೊಡಿ ಅಂತ ಕೇಳೋದು ಭಿಕ್ಷೆ ಅಲ್ಲ. ಮನವಿ ಕೊಡೋದಾದರೆ ಇದನ್ನ ಕೊಡೋಣ.

ಇಷ್ಟೊತ್ತು ಕೂಲಿ ಬಗ್ಗೆ ಹೇಳಿದೆ. ನನಗೆ ನಿಜವಾಗಿ ಭಯ ಇರೋದು ಬೇರೆ ಕಡೆ, ಬೇಲಿಯ ಸ್ಪೀಡಿನ ಬಗ್ಗೆ.

ಪಕ್ಕದ ತಾಲ್ಲೂಕಿನ ಒಂದೂರಲ್ಲಿ ನಡೆದದ್ದು. ಪೇಟೆಯವರೊಬ್ಬರು ಕೊಂಡ ಜಮೀನಿಗೆ ನಮ್ಮ ಹುಡುಗರು ನಾಲ್ಕು ದಿನ ಗುಂಡಿ ತೆಗೆದರು. ಮೂರನೇ ದಿನ ಮಧ್ಯಾಹ್ನ ಸುಣ್ಣದ ಗೆರೆ ನಮ್ಮ ಸ್ಮಶಾನದ ದಾರಿ ಮೇಲೆ ಹಾದು ಹೋಗಿದ್ದು ಕಂಡಿತು. ಕೆಲಸ ಬಿಟ್ಟರೆ ಮೂರು ದಿನದ ಕೂಲಿ ಇಲ್ಲ ಅಂದರು. ಹುಡುಗರು ತೋಡಿದರು. ಆಮೇಲೆ ಒಬ್ಬ ನನಗೆ ಫೋನ್ ಮಾಡಿ, "ಅಣ್ಣ, ನಾಳೆ ನಮ್ಮಜ್ಜಿ ಹೋದ್ರೆ ಎತ್ಕೊಂಡು ಹೋಗೋಕೆ ದಾರಿ ಇಲ್ಲ, ಗುಂಡಿ ತೆಗ್ದಿರೋದು ನಾನೇ" ಅಂತ ಅತ್ತ. ಆ ನಾಲ್ಕು ದಿನದ ನಿಧಾನದಲ್ಲೇ ನಮಗೆ ಸುದ್ದಿ ಸಿಕ್ಕಿದ್ದು, ತಾಲ್ಲೂಕು ಆಫೀಸಿಗೆ ಓಡಿದ್ದು, ತಂತಿ ಎಳೆಯುವ ಮೊದಲು ರೆವಿನ್ಯೂ ಇನ್‌ಸ್ಪೆಕ್ಟರ್ ಬಂದು ನಿಲ್ಲಿಸಿದ್ದು. ಮಿಷನ್ ಇದ್ದಿದ್ರೆ ಭಾನುವಾರ ಒಂದೇ ದಿನದಲ್ಲಿ ಮುಗಿಸಿ ಗೇಟಿಗೆ ಬೀಗ ಹಾಕಿರೋರು.

ಅದೇ ಸ್ಪೀಡು ನಮ್ಮ ಕೈಯಲ್ಲಿದ್ರೆ? 1978ರ ಪಿಟಿಸಿಎಲ್ ಕಾಯ್ದೆಯಡಿ ಎಷ್ಟೋ ಕುಟುಂಬಗಳು ಮಂಜೂರಾದ ಭೂಮಿಯನ್ನ ವಾಪಸ್ ಪಡೆಯೋಕೆ ಎಸಿ ಕೋರ್ಟು ಅಲೀತಾ ಇವೆ. 2023ರ ತಿದ್ದುಪಡಿ ಆದ ಮೇಲೆ ಕಾಲಮಿತಿಯ ತಕರಾರು ತೆಗೆಯೋಕೆ ದಾರಿ ಕಮ್ಮಿ ಆಗಿದೆ. ಆದೇಶ ನಮ್ಮ ಕಡೆ ಆಗುತ್ತೆ ಅಂತಿಟ್ಕೊಳ್ಳಿ. ಹದ್ದುಬಸ್ತಿಗೆ ದುಡ್ಡು ಕಟ್ಟಿ, ಸರ್ವೆಯವರು ಬಂದು ಅಳತೆ ಮಾಡಿ ಗುರುತು ಹಾಕಿ ಹೋಗ್ತಾರೆ. ಬೆಳಗಾಗೋದ್ರಲ್ಲಿ ಗುರುತಿನ ಕಲ್ಲು ಮಾಯ. ಮಳೆ ಬಿದ್ದ ಮೇಲೆ ಪಕ್ಕದವರ ನೇಗಿಲು ಎರಡು ಸಾಲು ಈಚೆಗೆ. ಬೇಲಿ ಹಾಕಿಕೊಳ್ಳೋಕೆ ಆಳು, ಕಲ್ಲು, ದುಡ್ಡು ಹೊಂದಿಸೋದ್ರಲ್ಲಿ ವರ್ಷ ಕಳೆಯುತ್ತೆ, ಅಷ್ಟರಲ್ಲಿ ಅಪೀಲು. ಸರ್ವೆಯವರು ಗುರುತು ಹಾಕಿದ ಮಧ್ಯಾಹ್ನವೇ ನಮ್ಮ ಹುಡುಗರು ಪವರ್ ಪ್ಯಾಕ್ ಇಳಿಸಿ ಸಂಜೆಯೊಳಗೆ ನಾಲ್ಕೂ ಮಗ್ಗುಲಿಗೆ ಕಬ್ಬಿಣದ ಕಂಬ ಹೊಡೆದರೆ, ಮಾರನೇ ದಿನ ಕಿತ್ತುಹಾಕೋಕೆ ಬರೋರಿಗೆ ಹಗಲಲ್ಲೇ ಎಲ್ಲರೆದುರು ಕೀಳಬೇಕಾಗುತ್ತೆ. ಆಗ ಕೇಸು ಹಾಕೋಕೆ ನಮಗೂ ಸಾಕ್ಷಿ ಇರುತ್ತೆ.

ನನ್ನ ಸಲಹೆ ಇಷ್ಟು. ಬೇಲಿ ಕೆಲಸ ಗೊತ್ತಿರೋ ಐದಾರು ಹುಡುಗರು, ಅದರಲ್ಲಿ ಇಬ್ಬರಾದರೂ ಭೋವಿ ಕಾಲೋನಿಯವರು, ಒಂದು ಗುಂಪು ಮಾಡಿ ನೋಂದಣಿ ಮಾಡಿಸೋದು. ಪವರ್ ಪ್ಯಾಕ್, ಸುತ್ತಿಗೆ, ಆಗರ್ ಮೂರಕ್ಕೂ ಕೊಟೇಶನ್ ತರಿಸೋದು. ಬೇರೆಯವರ ತೋಟಕ್ಕೆ ಕಂಬಕ್ಕಿಷ್ಟು ಅಂತ ಬಾಡಿಗೆ, ಹದ್ದುಬಸ್ತು ಆದ ನಮ್ಮ ಜನರ ಜಮೀನಿಗೆ ಡೀಸೆಲ್, ಪೆಟ್ರೋಲ್ ಖರ್ಚು ಮಾತ್ರ. ದಾರಿ, ಸ್ಮಶಾನ, ಗೋಮಾಳ ಮುಚ್ಚುವ ಬೇಲಿಗೆ ಈ ಮಿಷನ್ ಹೋಗಲ್ಲ ಅಂತ ಬೈಲಾದಲ್ಲೇ ಬರೆದುಬಿಡೋಣ. ನಕ್ಷೆ ನೋಡಿ ದಾರಿ ಎಲ್ಲಿದೆ ಅಂತ ಹೇಳೋ ಕೆಲಸ ನನಗಿರಲಿ, ಅಷ್ಟು ಗುಮಾಸ್ತಿಕೆ ಬರುತ್ತೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನದಲ್ಲಿ ಕೂರೋಣ. ಆಧಾರ್, ಜಾತಿ ಪ್ರಮಾಣಪತ್ರದ ಜೆರಾಕ್ಸ್ ತನ್ನಿ, ಪಹಣಿ ಇದ್ದೋರು ಅದನ್ನೂ ತನ್ನಿ. ಸಭೆಯಲ್ಲಿ ನನ್ನ ಮೇಲೆ ಸಿಟ್ಟಾದ ತಮ್ಮ ಮೊದಲು ಬರಬೇಕು. ಗುಂಡಿ ಕೆಲಸ ಅವನಷ್ಟು ಚೆನ್ನಾಗಿ ಗೊತ್ತಿರೋರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಜೈಭೀಮ್.