ಮಾತ್ರೆ ನುಂಗದವರ ಮೇಲೇಕೆ ದೂರು?

ಸಿಕಲ್ ಸೆಲ್ ಕಾಯಿಲೆಯ ಆದಿವಾಸಿಗಳು ಹೇಳಿದಂತೆ ಮಾತ್ರೆ ನುಂಗುವುದಿಲ್ಲವೆಂಬ ದೂರು ಕೇಳಿ ಕೇಳಿ ನಮಗೆ ಸಾಕಾಗಿದೆ. ಹೈಡ್ರಾಕ್ಸಿಯೂರಿಯಾವನ್ನು ದಿನವೂ, ವರ್ಷಗಟ್ಟಲೆ ನುಂಗಬೇಕು. ಆಗಾಗ ರಕ್ತ ಪರೀಕ್ಷೆಯೂ ಆಗಬೇಕು. ಅದು ನೋವು ಬಂದಾಗ ನುಂಗುವ ಗುಳಿಗೆಯಲ್ಲ, ಬಾರದಂತೆ ತಡೆಯುವಂಥದು. ಇದನ್ನು ಸೋಲಿಗರ ಪೋಡಿನ ತಾಯಿಯೊಬ್ಬಳಿಗೆ ಕುಳಿತು ಬಿಡಿಸಿ ಹೇಳಿದವರು ಎಷ್ಟು ಮಂದಿ? ಆಸ್ಪತ್ರೆಗೆ ಹೊರಟರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ನೀರು ಚೆನ್ನಾಗಿ ಕುಡಿಯಿರಿ, ಚಳಿಗೆ ಮೈಯೊಡ್ಡಬೇಡಿ, ದಣಿಯಬೇಡಿ ಎನ್ನುತ್ತಾರೆ ವೈದ್ಯರು. ಕಾಫಿ ತೋಟದಲ್ಲಿ ದುಡಿಯುವವರಿಗೆ ಇದು ಸಲಹೆಯೋ ಅಣಕವೋ? 2023ರಲ್ಲಿ ಆರಂಭವಾದ ಕೇಂದ್ರದ ಅಭಿಯಾನಕ್ಕೆ 7 ಕೋಟಿ ಜನರ ತಪಾಸಣೆಯ ಗುರಿ, 2047ರೊಳಗೆ ನಿರ್ಮೂಲನೆಯ ಕನಸು. ತಪಾಸಣೆಯ ಕಾರ್ಡು ಕೈಗಿಟ್ಟರೆ ನೋವು ನಿಲ್ಲುವುದಿಲ್ಲ. ಮಾತ್ರೆ ಪ್ರತಿ ತಿಂಗಳೂ ಪೋಡಿಗೇ ಬರಲಿ. ದೂರು ಹೇಳುವುದು ಆಮೇಲೆ.