ಗಣಕಯಂತ್ರದ ಜ್ವರವೂ ಲೆಕ್ಕಪತ್ರದ ಆರೋಗ್ಯವೂ

ನಮ್ಮ ವರ್ತಕ ಬಾಂಧವರು ಗೋದಾಮಿಗೆ ಅಗ್ನಿವಿಮೆ ಮಾಡಿಸುತ್ತಾರೆ, ತಿಜೋರಿಗೆ ಎರಡು ಬೀಗ ಹಾಕುತ್ತಾರೆ, ತೂಕದ ಯಂತ್ರಕ್ಕೆ ಕಾಲಕಾಲಕ್ಕೆ ಮುದ್ರೆ ಹಾಕಿಸುತ್ತಾರೆ. ಆದರೆ ಇಡೀ ವ್ಯವಹಾರದ ಕಿರ್ದಿ-ಖಾತೆಗಳನ್ನು ಒಡಲಲ್ಲಿ ಇಟ್ಟುಕೊಂಡಿರುವ ಗಣಕಯಂತ್ರವನ್ನು ಮಾತ್ರ ಮೇಜಿನ ಕೆಳಗೆ, ಗೋಡೆಗೆ ಒತ್ತಿ, ಹಳೆಯ ರಟ್ಟಿನ ಪೆಟ್ಟಿಗೆಗಳ ನಡುವೆ ನೂಕಿರುತ್ತಾರೆ. ಅದು ಕೆಟ್ಟು ನಿಂತ ದಿನ ಮಾತ್ರ ಅದರ ನೆನಪಾಗುತ್ತದೆ. ಆ ದಿನವೂ ಸಾಮಾನ್ಯವಾಗಿ ಮಾರ್ಚ್‌ನಿಂದ ಮೇ ತಿಂಗಳ ಒಳಗೇ ಬರುತ್ತದೆ. ವರ್ಷಾಂತ್ಯದ ಲೆಕ್ಕದ ಒತ್ತಡವೂ ಬಿಸಿಲಿನ ತಾಪವೂ ನಮ್ಮ ನಾಡಿನಲ್ಲಿ ಒಟ್ಟಿಗೇ ಏರುತ್ತವೆ.

ಯಂತ್ರದ ಉಷ್ಣಾಂಶ, ವಿದ್ಯುತ್ ಒತ್ತಡ ಹಾಗೂ ಫ್ಯಾನಿನ ವೇಗವನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಕೋರ್ ಟೆಂಪ್, ಎಚ್‌ಡಬ್ಲ್ಯೂ ಮಾನಿಟರ್, ಎಚ್‌ಡಬ್ಲ್ಯೂ ಇನ್ಫೋ ಮುಂತಾದವುಗಳ ಹೆಸರನ್ನು ಯಂತ್ರ ದುರಸ್ತಿ ಮಾಡುವವರ ಬಾಯಲ್ಲಿ ಕೇಳಿರಬಹುದು. ಇವು ಉಪಯುಕ್ತ ಸಾಧನಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವು ತೋರಿಸುವ ಅಂಕಿಗಳನ್ನು ಹಾಗೆಯೇ ನಂಬಿ ಹಣ ವ್ಯಯಿಸುವ ಪರಿಪಾಠ ಬೆಳೆಯುತ್ತಿರುವುದು ಸರಿಯಲ್ಲ. ಖಾತೆಯಲ್ಲಿ ಬರೆದಿದೆ ಎಂದ ಮಾತ್ರಕ್ಕೆ ಯಾವ ಲೆಕ್ಕ ಪರಿಶೋಧಕನೂ ಒಂದು ಮೊತ್ತವನ್ನು ಒಪ್ಪುವುದಿಲ್ಲ, ಅದಕ್ಕೆ ವೋಚರ್ ಕೇಳುತ್ತಾನೆ. ಪರದೆಯ ಮೇಲಿನ ಉಷ್ಣಾಂಶಕ್ಕೂ ಇದೇ ನಿಯಮ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ.

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಒಂದು ಅಕ್ಕಿ ಗಿರಣಿಯ ಪ್ರಸಂಗವನ್ನು ಉದಾಹರಿಸುತ್ತೇನೆ. ಬಿಲ್ ಬರೆಯುವ ಯಂತ್ರವು ಪ್ರತಿದಿನ ಮಧ್ಯಾಹ್ನದ ಹೊತ್ತಿಗೆ ಮಂದವಾಗಿ, ಕೆಲವೊಮ್ಮೆ ತಾನಾಗಿಯೇ ನಿಂತುಹೋಗುತ್ತಿತ್ತು. ದುರಸ್ತಿಗೆ ಬಂದವರು ಇಂತಹ ಒಂದು ತಂತ್ರಾಂಶವನ್ನು ಅಳವಡಿಸಿ ನೋಡಿದಾಗ ಒಂದು ಸಾಲಿನಲ್ಲಿ 127 ಡಿಗ್ರಿ ಸೆಲ್ಸಿಯಸ್, ಮತ್ತೊಂದು ಸಾಲಿನಲ್ಲಿ 12 ವೋಲ್ಟ್ ಇರಬೇಕಾದಲ್ಲಿ 8 ವೋಲ್ಟ್ ಕಂಡಿತು. ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಎರಡನ್ನೂ ಬದಲಿಸಬೇಕೆಂದು ತೀರ್ಪಾಯಿತು. ಈ ಖರ್ಚನ್ನು ದುರಸ್ತಿ ಲೆಕ್ಕಕ್ಕೆ ಹಾಕಬೇಕೋ ಸ್ಥಿರಾಸ್ತಿಗೆ ಸೇರಿಸಬೇಕೋ ಎಂದು ಮಾಲೀಕರು ನನ್ನನ್ನು ಕೇಳಿದ್ದರಿಂದ ವಿಷಯ ನನ್ನ ಗಮನಕ್ಕೆ ಬಂತು. 12 ವೋಲ್ಟಿನ ತಂತಿಯಲ್ಲಿ ನಿಜವಾಗಿಯೂ 8 ವೋಲ್ಟ್ ಇದ್ದರೆ ಆ ಯಂತ್ರ ಆ ಅಂಕಿಯನ್ನು ತೋರಿಸುವಷ್ಟು ಹೊತ್ತು ಚಾಲನೆಯಲ್ಲಿ ಇರುವುದೇ ಸಾಧ್ಯವಿಲ್ಲ. 127 ಎಂಬುದು ಸಂವೇದಕವನ್ನೇ ಜೋಡಿಸದೆ ಖಾಲಿ ಬಿಟ್ಟ ಜಾಗದಿಂದ ಬರುವ ಅಂಕಿ. ಎಂಟು ಬಿಟ್‌ಗಳಲ್ಲಿ ಬರೆಯಬಹುದಾದ ಗರಿಷ್ಠ ಧನ ಸಂಖ್ಯೆ ಅದು, ಅಷ್ಟೆ. ಹೀಗೆಯೇ ಮೈನಸ್ 128, 255 ಎಂಬ ಅಂಕಿಗಳೂ ಬರುವುದುಂಟು. ಇವು ಒಂದು ಬಗೆಯ ಸಸ್ಪೆನ್ಸ್ ಖಾತೆಯ ಶಿಲ್ಕುಗಳು.

ಸ್ವಾರಸ್ಯವೆಂದರೆ, ನಿಜವಾದ ದೋಷ ಅದೇ ಪರದೆಯ ಕೆಳಗಿನ ಸಾಲಿನಲ್ಲಿತ್ತು. ಪ್ರೊಸೆಸರಿನ ಉಷ್ಣಾಂಶ ಕೆಲಸದ ವೇಳೆ 98, 99 ಡಿಗ್ರಿಯಲ್ಲಿ ನಿಂತಿತ್ತು. 127ರ ಪಕ್ಕದಲ್ಲಿ ಅದು ಸಣ್ಣದಾಗಿ ಕಂಡಿದ್ದರಿಂದ ಯಾರೂ ಗಮನಿಸಿರಲಿಲ್ಲ. ಪೆಟ್ಟಿಗೆ ತೆರೆದರೆ ಪ್ರೊಸೆಸರಿನ ಮೇಲಿನ ಲೋಹದ ಎಲೆಗಳ ನಡುವೆ ಹೊಟ್ಟಿನ ಧೂಳು ಕಂಬಳಿಯಂತೆ ಕೂತಿತ್ತು. ಧೂಳು ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಯಂತ್ರ ಮೊದಲಿನಂತಾಯಿತು. ಸ್ಥಿರಾಸ್ತಿಯ ಪ್ರಶ್ನೆ ಉದ್ಭವಿಸಲೇ ಇಲ್ಲ. ಅಕ್ಕಿ ಗಿರಣಿಗೆ ಹೊಟ್ಟು, ಬ್ಯಾಡಗಿಯ ವರ್ತಕರಿಗೆ ಮೆಣಸಿನಕಾಯಿಯ ಪುಡಿ, ಇಳಕಲ್ಲಿನ ಗ್ರಾನೈಟ್ ಘಟಕಗಳಿಗೆ ಕಲ್ಲಿನ ಧೂಳು, ಮಗ್ಗದವರಿಗೆ ನೂಲಿನ ನಾರು, ಹೀಗೆ ಪ್ರತಿ ಉದ್ಯಮಕ್ಕೂ ತನ್ನದೇ ಆದ ಧೂಳಿದೆ. ನಗರದ ಹವಾನಿಯಂತ್ರಿತ ಕಚೇರಿಗಾಗಿ ಬರೆದ ನಿರ್ವಹಣಾ ಕೈಪಿಡಿ ಇವರಿಗೆ ಸಾಲದು.

ಅಂಕಿಗಳು ಏಕೆ ತಪ್ಪುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಇಂಟೆಲ್ ಪ್ರೊಸೆಸರಿನೊಳಗಿನ ಸಂವೇದಕವು ಉಷ್ಣಾಂಶವನ್ನು ನೇರವಾಗಿ ಹೇಳುವುದಿಲ್ಲ. ತನಗೆ ನಿಗದಿಯಾದ ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಆ ಮಿತಿ ಅನೇಕ ಮಾದರಿಗಳಲ್ಲಿ 100 ಡಿಗ್ರಿ, ಕೆಲವದರಲ್ಲಿ ಬೇರೆ. ತಂತ್ರಾಂಶವು ಮಿತಿಯಿಂದ ಬಾಕಿಯನ್ನು ಕಳೆದು ಉಷ್ಣಾಂಶವನ್ನು ತೋರಿಸುತ್ತದೆ. ಮಿತಿಯನ್ನೇ ತಪ್ಪಾಗಿ ಊಹಿಸಿದರೆ ಉಳಿದ ಲೆಕ್ಕವೆಲ್ಲ ಅಷ್ಟೇ ಪ್ರಮಾಣದಲ್ಲಿ ತಪ್ಪುತ್ತದೆ. ಆರಂಭ ಶಿಲ್ಕು ತಪ್ಪಿದ ಖಾತೆಯಂತೆ. 2017ರಲ್ಲಿ ಎಎಂಡಿ ಸಂಸ್ಥೆಯ ರೈಜೆನ್ 1700ಎಕ್ಸ್ ಮತ್ತು 1800ಎಕ್ಸ್ ಪ್ರೊಸೆಸರುಗಳು ಬಂದಾಗ ಅವು ವರದಿ ಮಾಡುತ್ತಿದ್ದ ಉಷ್ಣಾಂಶವು ವಾಸ್ತವಕ್ಕಿಂತ 20 ಡಿಗ್ರಿ ಹೆಚ್ಚಾಗಿರುತ್ತಿತ್ತು. ಫ್ಯಾನಿನ ವೇಗ ನಿಯಂತ್ರಣದ ಸಲುವಾಗಿ ಹಾಗೆ ಸೇರಿಸಿರುವುದಾಗಿ ಸಂಸ್ಥೆಯೇ ಪ್ರಕಟಿಸಿತು. ಆ ಹೊಂದಾಣಿಕೆಯನ್ನು ಅರಿಯದ ತಂತ್ರಾಂಶ 38ರ ಬದಲು 58 ತೋರಿಸಿದರೆ ಯಂತ್ರದ ದೋಷವೇನೂ ಇಲ್ಲ.

ಮದರ್‌ಬೋರ್ಡಿನ ಮೇಲಿನ ವೋಲ್ಟೇಜ್ ಅಂಕಿಗಳ ಸ್ಥಿತಿ ಇನ್ನೂ ಅನಿಶ್ಚಿತ. ನುವೋಟಾನ್, ಐಟಿಇ ಮುಂತಾದ ತಯಾರಕರ ಸಣ್ಣ ಚಿಪ್ಪೊಂದು ಇವನ್ನು ಅಳೆಯುತ್ತದೆ. 12 ವೋಲ್ಟನ್ನು ಅದು ನೇರವಾಗಿ ಅಳೆಯಲಾರದು, ಭಾಗಿಸಿ ಚಿಕ್ಕದಾಗಿಸಿ ಅಳೆಯುತ್ತದೆ. ಯಾವ ಸಂಖ್ಯೆಯಿಂದ ಮತ್ತೆ ಗುಣಿಸಬೇಕೆಂಬುದು ಮದರ್‌ಬೋರ್ಡಿನ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಆದುದರಿಂದ ಪರದೆಯ ವೋಲ್ಟೇಜ್ ಅಂಕಿಯ ಮೇಲೆ ಮಾತ್ರ ಎಸ್‌ಎಂಪಿಎಸ್ ಬದಲಿಸಲು ಹೇಳುವವರಿಗೆ ಮಲ್ಟಿಮೀಟರಿನಿಂದ ಅಳೆದು ತೋರಿಸಿರೆಂದು ಕೇಳುವ ಹಕ್ಕು ಮಾಲೀಕರಿಗಿದೆ. ಮಾನದಂಡದಂತೆ ಸಾಮಾನ್ಯವಾಗಿ ಶೇ. 5ರ ವ್ಯತ್ಯಾಸಕ್ಕೆ ಅವಕಾಶವಿದೆ. ಅಂದರೆ 12 ವೋಲ್ಟಿಗೆ 11.4ರಿಂದ 12.6, 5 ವೋಲ್ಟಿಗೆ 4.75ರಿಂದ 5.25. ಈ ಅಳತೆಯನ್ನು ಬಲ್ಲವರೇ ಮಾಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ಒತ್ತಡ ಉಳಿದಿರುತ್ತದೆ.

ಮೀಟರ್ ಇಲ್ಲದೆಯೂ ಮಾಡಬಹುದಾದ ಒಂದು ತಾಳೆ ಇದೆ. ರಾತ್ರಿಯಿಡೀ ಬಂದ್ ಆಗಿದ್ದ ಯಂತ್ರವನ್ನು ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಅದರ ಬೋರ್ಡು ಮತ್ತು ಡಿಸ್ಕಿನ ಉಷ್ಣಾಂಶ ಕೋಣೆಯ ಉಷ್ಣಾಂಶದ ಆಸುಪಾಸಿನಲ್ಲಿಯೇ ಇರಬೇಕು. ಕೋಣೆಯಲ್ಲಿ 28 ಡಿಗ್ರಿ ಇರುವಾಗ ತಂತ್ರಾಂಶವು 15 ಎಂದರೆ ಆ ಸಾಲನ್ನು ಹೊಡೆದುಹಾಕಬಹುದು. ಬರಿಯ ಗಾಳಿಯಿಂದ ತಣಿಯುವ ವಸ್ತು ಆ ಗಾಳಿಗಿಂತ ತಂಪಾಗಿರಲು ಸಾಧ್ಯವಿಲ್ಲ. ಅನಂತರ ಬಯೋಸ್ ಪರದೆಯ ಅಂಕಿಯೊಡನೆ ಹೋಲಿಸಬೇಕು. ವಿದ್ಯುತ್ ಉಳಿತಾಯದ ವ್ಯವಸ್ಥೆಗಳು ಬಯೋಸ್‌ನಲ್ಲಿ ಪೂರ್ಣವಾಗಿ ಕೆಲಸ ಮಾಡದಿರುವುದರಿಂದ ಅಲ್ಲಿ ಕೆಲವು ಡಿಗ್ರಿ ಹೆಚ್ಚು ಕಂಡರೆ ಗಾಬರಿ ಬೇಡ. ಬ್ಯಾಂಕಿನ ಪಾಸ್ ಪುಸ್ತಕಕ್ಕೂ ನಮ್ಮ ಖಾತೆಗೂ ನಡುವಿನ ವ್ಯತ್ಯಾಸಕ್ಕೆ ಕಾರಣ ಬರೆದಿಡುವಂತೆಯೇ ಇದು.

ತಂತ್ರಾಂಶವೇ ಚಾಲೂ ಆಗುವುದಿಲ್ಲ, ಅಥವಾ ಎಲ್ಲ ಸಾಲುಗಳೂ ಸೊನ್ನೆ ತೋರಿಸುತ್ತವೆ ಎಂಬ ದೂರು ಇತ್ತೀಚೆಗೆ ಹೆಚ್ಚಾಗಿದೆ. ಎರಡು ಇಂತಹ ತಂತ್ರಾಂಶಗಳನ್ನು ಏಕಕಾಲಕ್ಕೆ ಚಾಲನೆಯಲ್ಲಿ ಇಟ್ಟರೆ ಅವು ಒಂದೇ ಚಿಪ್ಪನ್ನು ಪ್ರಶ್ನಿಸಲು ಹೋಗಿ ಪರಸ್ಪರರ ಉತ್ತರವನ್ನು ಕೆಡಿಸುವುದು ಒಂದು ಕಾರಣ. ಒಂದನ್ನು ಪೂರ್ಣವಾಗಿ ಮುಚ್ಚಿದರೆ ಇದು ಸರಿಹೋಗುತ್ತದೆ. ಎರಡನೆಯ ಕಾರಣ ಗಂಭೀರವಾದದ್ದು. ಈ ಬಗೆಯ ಅನೇಕ ತಂತ್ರಾಂಶಗಳು ಯಂತ್ರದ ಆಳಕ್ಕೆ ತಲುಪಲು ವಿನ್‌ರಿಂಗ್‌ಝೀರೋ ಎಂಬ ಡ್ರೈವರನ್ನು ಬಳಸುತ್ತಿದ್ದವು. ಅದರಲ್ಲಿ ಭದ್ರತಾ ದೋಷವಿರುವುದು 2020ರಲ್ಲಿಯೇ ದಾಖಲಾಯಿತು. 2025ರ ಮಾರ್ಚ್‌ನಿಂದ ವಿಂಡೋಸ್‌ನ ಡಿಫೆಂಡರ್ ಅದನ್ನು ಅಪಾಯಕಾರಿಯೆಂದು ಗುರುತಿಸಿ ತಡೆಯತೊಡಗಿತು. ಪರಿಹಾರವೆಂದು ಕೆಲವರು ಡಿಫೆಂಡರನ್ನೇ ನಿಲ್ಲಿಸಿ ಕೊಡುತ್ತಿದ್ದಾರೆ. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಇವೆಲ್ಲವೂ ಇರುವ ಯಂತ್ರದಲ್ಲಿ ಫ್ಯಾನಿನ ವೇಗ ನೋಡುವ ಕುತೂಹಲಕ್ಕಾಗಿ ಕಾವಲುಗಾರನನ್ನು ಮನೆಗೆ ಕಳುಹಿಸುವುದು ಯಾವ ನ್ಯಾಯ? ಆ ಡ್ರೈವರನ್ನು ಬಿಟ್ಟ ಹೊಸ ಆವೃತ್ತಿಯನ್ನು ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. ಇಲ್ಲವಾದರೆ ಆ ತಂತ್ರಾಂಶವೇ ಬೇಡ.

ಏಕೆಂದರೆ ತಂತ್ರಾಂಶವಿಲ್ಲದೆಯೂ ವಿಂಡೋಸ್ ತನ್ನದೇ ಒಂದು ದಿನವಹಿ ಬರೆಯುತ್ತಿರುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ಕರ್ನೆಲ್-ಪವರ್ 41 ಎಂಬ ನಮೂದು ಕಂಡರೆ ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತ್ತೆಂದು ಅರ್ಥ. 6008 ಎಂಬುದೂ ಹಾಗೆಯೇ. ಪ್ರೊಸೆಸರಿನ ವೇಗವನ್ನು ಫರ್ಮ್‌ವೇರ್ ಕಡಿತಗೊಳಿಸಿದೆ ಎಂದು 37ನೇ ನಮೂದು ತಿಳಿಸುತ್ತದೆ. ಶಾಖ ಅದಕ್ಕೆ ಒಂದು ಸಾಮಾನ್ಯ ಕಾರಣ. 41 ಏಕೆ ನಿಂತಿತೆಂದು ಹೇಳುವುದಿಲ್ಲ, ಯಾವಾಗ ನಿಂತಿತೆಂಬುದನ್ನು 6008 ಹೇಳುತ್ತದೆ. ಆ ವೇಳೆಗಳನ್ನು ಒಂದು ಹಾಳೆಯಲ್ಲಿ ಬರೆದು, ಕರೆಂಟ್ ಹೋದ ವೇಳೆಗಳೊಡನೆ ಹೋಲಿಸಿದರೆ ದೋಷ ಯಂತ್ರದ್ದೋ, ವಿದ್ಯುತ್ ಪೂರೈಕೆಯದ್ದೋ, ಯುಪಿಎಸ್‌ನದ್ದೋ ಎಂಬುದು ಬಹುಮಟ್ಟಿಗೆ ಬಗೆಹರಿಯುತ್ತದೆ. ನಮ್ಮ ಗುಮಾಸ್ತರು ಇದಕ್ಕಿಂತ ಕಠಿಣವಾದ ತಾಳೆಗಳನ್ನು ದಿನವೂ ಮಾಡುತ್ತಾರೆ.

ಯುಪಿಎಸ್ ವಿಷಯದಲ್ಲಿ ನನ್ನ ಅನುಭವ ಇನ್ನೂ ನಿರಾಶಾದಾಯಕ. 600 ವಿಎ ಎಂದು ಬರೆದಿರುವುದನ್ನು 600 ವಾಟ್ ಎಂದು ಓದುತ್ತಾರೆ. ಸಾಮಾನ್ಯ ಮಾದರಿಗಳಲ್ಲಿ ಅದು ಸುಮಾರು 360 ವಾಟ್ ಮಾತ್ರ. ಲೇಸರ್ ಪ್ರಿಂಟರನ್ನೂ ಅದಕ್ಕೇ ಜೋಡಿಸುತ್ತಾರೆ. ಪ್ರಿಂಟರಿನ ಕಾಯಿಸುವ ಭಾಗ ನೂರಾರು ವಾಟ್ ಎಳೆದ ಕ್ಷಣ ಯುಪಿಎಸ್ ಕೈಚೆಲ್ಲುತ್ತದೆ. ಯಂತ್ರ ಎಷ್ಟು ವಿದ್ಯುತ್ ಎಳೆಯುತ್ತಿದೆ ಎಂದು ತಂತ್ರಾಂಶ ತೋರಿಸುವ ವಾಟ್ ಅಂಕಿಯನ್ನು ನಂಬಿ ಯುಪಿಎಸ್ ಕೊಳ್ಳುವವರೂ ಇದ್ದಾರೆ. ಆ ಅಂಕಿ ಪ್ರೊಸೆಸರಿನದು ಮಾತ್ರ. ಪರದೆ, ಡಿಸ್ಕ್, ಎಸ್‌ಎಂಪಿಎಸ್‌ನ ನಷ್ಟ ಯಾವುದೂ ಅದರಲ್ಲಿ ಸೇರಿರುವುದಿಲ್ಲ. ಒಟ್ಟು ಬಳಕೆ ತಿಳಿಯಲು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವಾಟ್ ಮೀಟರೇ ಬೇಕು.

ಯುಪಿಎಸ್ ಜೊತೆಗೆ ಬಂದ ತಂತ್ರಾಂಶವು ಅದನ್ನು ಗುರುತಿಸುತ್ತಿಲ್ಲ ಎಂದಾದರೆ ಮೊದಲು ದತ್ತಾಂಶದ ಕೇಬಲ್ ಜೋಡಿಸಿದೆಯೇ ಎಂದು ನೋಡಬೇಕು. ಬಹುಪಾಲು ಕಚೇರಿಗಳಲ್ಲಿ ಅದು ಪೆಟ್ಟಿಗೆಯಿಂದ ಹೊರಬಂದೇ ಇರುವುದಿಲ್ಲ. ಅಗ್ಗದ ಮಾದರಿಗಳಲ್ಲಿ ಅದನ್ನು ಜೋಡಿಸುವ ಕಿಂಡಿಯೇ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿಯಬೇಕು. ಕೇಬಲ್ ಜೋಡಿಸಿದ ಮೇಲೆ ಬ್ಯಾಟರಿ ಮುಗಿಯುವ ಕೆಲವು ನಿಮಿಷ ಮೊದಲೇ ಯಂತ್ರ ತಾನಾಗಿ ಮುಚ್ಚುವಂತೆ ಹೊಂದಿಸಬೇಕು. ಸೀಸ-ಆಮ್ಲದ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಯ ಆಧಾರದ ಮೇಲೆ ಹೇಳಿರುತ್ತಾರೆ. ಅದಕ್ಕಿಂತ ಪ್ರತಿ 8ರಿಂದ 10 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಉಷ್ಣಾಂಶ 40 ದಾಟುವುದು ಸಾಮಾನ್ಯವಾಗಿರುವಾಗ, ಬೆಂಗಳೂರಿನ ಅಂಗಡಿಯವರು ಹೇಳಿದ ವರ್ಷಗಳ ಲೆಕ್ಕ ಅಲ್ಲಿ ನಡೆಯದು.

ಇದೆಲ್ಲ ತಂತ್ರಜ್ಞರ ಕೆಲಸ, ಲೆಕ್ಕ ಪರಿಶೋಧಕರಿಗೇಕೆ ಎಂದು ಕೇಳಬಹುದು. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 57ನೇ ನಿಯಮವು, ಅಪಘಾತದಿಂದಲೋ ಪ್ರಾಕೃತಿಕ ಕಾರಣದಿಂದಲೋ ದಾಖಲೆ ನಾಶವಾದರೆ ಯುಕ್ತ ಕಾಲಾವಧಿಯೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತೆ ವಿದ್ಯುನ್ಮಾನ ಪ್ರತಿಯನ್ನು ಕಾಯ್ದಿಡಬೇಕೆಂದು ವಿಧಿಸುತ್ತದೆ. ಕಾಯ್ದೆಯ 36ನೇ ಕಲಮಿನಂತೆ ಈ ದಾಖಲೆಗಳು ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ಗಡುವಿನಿಂದ 72 ತಿಂಗಳು ಇರಬೇಕು. ಕಂಪನಿಗಳಿಗಂತೂ 2013ರ ಕಾಯ್ದೆಯ 128ನೇ ಕಲಮು ಎಂಟು ಆರ್ಥಿಕ ವರ್ಷಗಳ ಪುಸ್ತಕಗಳನ್ನು ಕೇಳುತ್ತದೆ. 2022ರ ತಿದ್ದುಪಡಿಯ ನಂತರ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಪ್ರತಿ ಇರಬೇಕು. 2023ರ ಏಪ್ರಿಲ್ 1ರಿಂದ ಆರಂಭವಾದ ವರ್ಷಗಳಿಗೆ ಪ್ರತಿ ತಿದ್ದುಪಡಿಯ ಜಾಡನ್ನು ಅಳಿಸಲಾಗದಂತೆ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ನಮೂದು ಬರೆಯುತ್ತಿರುವಾಗಲೇ ಯಂತ್ರ ನಿಂತು ಕಡತ ಕೆಟ್ಟರೆ, ಹಳೆಯ ಪ್ರತಿಯಿಂದ ಮರುಸ್ಥಾಪಿಸಿದಾಗ ನಡುವಿನ ದಿನಗಳ ಜಾಡು ಹೋಗಿರುತ್ತದೆ. ವೋಚರುಗಳನ್ನು ಹೊಸದಾಗಿ ಬರೆಯಬಹುದು, ಮೂಲ ದಿನಾಂಕದ ಜಾಡನ್ನು ಹುಟ್ಟಿಸಲಾಗದು. ಪರಿಶೋಧಕನು ತನ್ನ ವರದಿಯಲ್ಲಿ ಅದನ್ನು ಹೇಳಲೇಬೇಕಾಗುತ್ತದೆ. ‘ಧೂಳಿನಿಂದ ಹೀಗಾಯಿತು’ ಎಂಬ ಸಮಜಾಯಿಷಿಗೆ ಆ ವರದಿಯಲ್ಲಿ ಪ್ರತ್ಯೇಕ ಅಂಕಣವಿಲ್ಲ.

ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರೆ ಈ ರಗಳೆಯೇ ಇಲ್ಲವೆನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪುಸ್ತಕಗಳು ಉಳಿಯುತ್ತವೆ, ಆದರೆ ಬಿಲ್ ಬರೆಯುವ ಯಂತ್ರ ಅಂಗಡಿಯಲ್ಲಿಯೇ ಇರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಲಾರಿ ತುಂಬಿ ನಿಂತಿರುವಾಗ ಯಂತ್ರ ಕಾದು ಕೂತರೆ ಕ್ಲೌಡ್ ಬಂದು ಬಿಲ್ ಕೊಡುವುದಿಲ್ಲ.

ನಮ್ಮ ಸಂಸ್ಥೆಯ ಮುಂದೆ ಒಂದು ಸಲಹೆ ಇಡುತ್ತಿದ್ದೇನೆ. ಪ್ರತಿ ಸದಸ್ಯರೂ ಮಲ್ಟಿಮೀಟರ್, ವಾಟ್ ಮೀಟರ್ ಕೊಳ್ಳಬೇಕಾದ ಅಗತ್ಯವಿಲ್ಲ. ಸಂಸ್ಥೆಯೇ ಎರಡೆರಡನ್ನು ಕೊಂಡು ಸದಸ್ಯರಿಗೆ ಎರವಲು ಕೊಡಬಹುದು. ಸ್ಥಳೀಯ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳನ್ನು ಅವರ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಫೆಬ್ರವರಿ ತಿಂಗಳಲ್ಲಿ ಒಂದು ವಾರ ಕರೆಸಿ, ಸದಸ್ಯರ ಯಂತ್ರಗಳ ಧೂಳು ತೆಗೆಸಿ, ಅರ್ತಿಂಗ್ ಪರೀಕ್ಷಿಸಿ, ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆಂದು ಅಳೆದು ಒಂದು ಚೀಟಿ ಅಂಟಿಸಿ ಹೋಗುವ ಏರ್ಪಾಡು ಮಾಡಬಹುದು. ವಿದ್ಯಾರ್ಥಿಗಳಿಗೆ ಭತ್ಯೆಯಾಗಿ ಪ್ರತಿ ಯಂತ್ರಕ್ಕೆ ಇಂತಿಷ್ಟೆಂದು ಸದಸ್ಯರಿಂದಲೇ ಪಡೆದರೆ ಸಂಸ್ಥೆಯ ನಿಧಿಗೂ ಹೊರೆಯಾಗದು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸುವಂತೆ ಗೌರವ ಕಾರ್ಯದರ್ಶಿಯವರನ್ನು ಕೋರುತ್ತೇನೆ.